ಶಾವಿಗಿ ನಡೆಯುವ ಹಾದಿ

ದಿಲಾವರ ಗುಲನಾಜಳನ್ನು ಮೊಟ್ಟಮೊದಲು ನೋಡಿದ್ದು ನೆಲದಲ್ಲಿ.

ಹೌದ್ರಿ, ನೆಲದಲ್ಲೇ. ಸಿಂದಗಿಯ ಆ ಹೊಸ ಮನೆಯ ಪಡಸಾಲೆಯಲ್ಲಿ ಫರ್ಸಿ ಕಲ್ಲಿಗೆ ಕೊನೆಯ ಪಾಲಿಶ್ ಹೊಡೆದು, ಮಷಿನ್ ಬಂದ್ ಮಾಡಿ, ಒದ್ದೆ ಅರಿವೆಯಿಂದ ಒರೆಸುತ್ತ ಮೊಣಕಾಲೂರಿ ಕೂತಿದ್ದ. ಒರೆಸಿದ ಜಾಗದಲ್ಲಿ ಒಂದು ಮುಖ ಮೂಡಿತು. ತಲೆಕೆಳಗಾದ ಮುಖ. ಹಸಿರು ದುಪಟ್ಟಾ, ತುಟಿಯ ನಡುವೆ ಎರಡು ಗುಂಡುಪಿನ್ನು, ಅಗಲವಾದ ಕಣ್ಣು. ತಲೆ ಎತ್ತಿದರೆ ಎಲ್ಲಿ ಹೋಗಿಬಿಡುತ್ತದೋ ಎಂಬ ಹೆದರಿಕೆಗೆ ಅವನು ಬಹಳ ಹೊತ್ತು ನೆಲವನ್ನೇ ನೋಡಿದ.

ಮುಖ ಪಿನ್ನು ತೆಗೆದು ಮಾತಾಡಿತು. “ಮೇಸ್ತ್ರಿ, ಇದು ನೆಲಾನೋ ಕನ್ನಡಿನೋ? ಇಲ್ಲೇ ನಿಂತು ತಲಿ ಬಾಚ್ಕೋಬಹುದಲ್ರಿ!”

“ನಿಮಗ ಮನಸ್ಸಿಗೆ ಬಂತಿಲ್ರಿ?”

“ಮಾತ ನೆಲದ ಜೋಡಿ ಆಡ್ತೀರೋ, ನನ್ನ ಜೋಡಿ ಆಡ್ತೀರೋ?”

ದಿಲಾವರ ತಲೆ ಎತ್ತಿದ. ನೆಟ್ಟಗೆ ನೋಡಿದರೂ ಮುಖ ಅಷ್ಟೇ ಚಂದ ಇತ್ತು. ಸುಬಹಾನಲ್ಲಾ ಎಂದು ಮನಸ್ಸಿನಲ್ಲೇ ಅಂದುಕೊಂಡ. ಮುದ್ದೇಬಿಹಾಳದ ಹುಡುಗ, ಹನ್ನೆರಡು ವರ್ಷದಿಂದ ಬಗ್ಗಿಯೇ ದುಡಿದವನು. ಚಡಚಣದಿಂದ ಬಸವನ ಬಾಗೇವಾಡಿಯ ತನಕ ಎಷ್ಟೋ ಮನೆಗಳ ನೆಲ ಹೊಳೆಸಿದ್ದ. ತನ್ನ ಕೈಯ ಕೆಲಸ ನೋಡಿ ತಾನೇ ಬೆರಗಾಗಿದ್ದು ಮಾತ್ರ ಅವತ್ತೇ.

ಅಷ್ಟರಲ್ಲಿ ಬೆಳ್ಳಗಿನ ಉಣ್ಣೆಯ ಉಂಡೆಯಂಥದ್ದೊಂದು ಬಾಗಿಲಿಂದ ನುಗ್ಗಿತು. ಹೊಸ ನೆಲದ ಮೇಲೆ ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಹೋಗಿ, ಹೊಟ್ಟೆಯ ಮೇಲೆ ಜಾರುತ್ತ ಬಂದು ಅವನ ಬಕೆಟ್ಟಿಗೆ ಡಿಕ್ಕಿ ಹೊಡೆಯಿತು.

“ಶಾವಿಗೀ!” ಗುಲನಾಜ ಓಡಿ ಬಂದು ಎತ್ತಿಕೊಂಡಳು. ಪೊಮೇರಿಯನ್ ನಾಯಿ. ಬಾಜೂ ಮನೆಯ ಬ್ಯಾಂಕ್ ಸಾಹೇಬರಿಗೆ ವರ್ಗ ಆದಾಗ ಇವಳ ಕೈಗೆ ಕೊಟ್ಟು ಹೋಗಿದ್ದರಂತೆ. ಅದು ರಂಜಾನ್ ಹಬ್ಬದ ದಿನ, ಒಲೆಯ ಮೇಲೆ ಶಾವಿಗೆ ಬೇಯುತ್ತಿತ್ತು, ಅದೇ ಹೆಸರು ನಿಂತಿತು.

“ಆ ಬಿಳೀ ಬೇಗಂಗ ಹೊಸ್ತಿಲ ದಾಟಬ್ಯಾಡ ಅಂತ ಹೇಳ!” ಒಳಗಿನಿಂದ ದಾದಿ ಪೀರಬಿಯ ದನಿ ಬಂತು.

ಗುಲನಾಜ ಸಣ್ಣಾಕಿ ಇದ್ದಾಗಿಂದ ಈ ದಾದಿಯ ಹತ್ತಿರವೇ ಬೆಳೆದವಳು. ಪಡಸಾಲೆ ಮೊಮ್ಮಗಳದು, ಅಲ್ಲಿ ಅವಳ ಟೇಲರಿಂಗ್ ಕ್ಲಾಸು. ಹೊಸ್ತಿಲ ಒಳಗಿನ ಕೋಣೆ ದಾದಿಯದು. ನಾಯಿಯ ಬಾಯಿ ತಾಗಿದರೆ ನಮಾಜಿನ ಬಟ್ಟೆ ತೊಳೆಯಬೇಕು, ಅದಕ್ಕೇ ಈ ಕಾಯಿದೆ. ಶಾವಿಗಿ ಕಾಯಿದೆ ಮುರಿದದ್ದಿಲ್ಲ. ಐದು ಹೊತ್ತೂ ಹೊಸ್ತಿಲಿಗೆ ಮೂಗು ಹಚ್ಚಿ ಕೂತು, ದಾದಿ ನಮಾಜು ಮುಗಿಸುವ ತನಕ ಗಪ್ಪಾಗಿ ನೋಡುತ್ತಿತ್ತು.

ಕೆಲಸ ಮುಗೀತು ಅಂದರೆ ಮನುಷ್ಯ ತನ್ನ ಊರಿಗೆ ಹೋಗಬೇಕು ತಾನೆ? ದಿಲಾವರ ಹೋದ, ಮತ್ತೆ ಬಂದ. ಫರ್ಸಿ ಸಂದಿನಾಗ ಸಿಮೆಂಟು ಸರಿ ಕುಂತೈತೋ ಇಲ್ಲೋ ನೋಡಬೇಕು ಅಂದ. ಹದಿನೈದು ದಿನಕ್ಕೆ ಮೂಲೆಯ ಕಲ್ಲು ನೋಡಬೇಕು ಅಂದ. ತಾಳಿಕೋಟಿ ದಾಟಿ ಅಷ್ಟು ದೂರ ಬೈಕ್ ಹೊಡಕೊಂಡು ಬಂದು ಒಂದು ಸಂದು ನೋಡಿ, ಎರಡು ಕಪ್ ಚಹ ಕುಡಿದು ಹೋಗುತ್ತಿದ್ದ.

ಕ್ಲಾಸಿನ ಹುಡುಗಿಯರು ಮುಸಿಮುಸಿ ನಗುತ್ತಿದ್ದರು. ಗುಲನಾಜ ನಗುತ್ತಿರಲಿಲ್ಲ, ಹೊಲಿಗೆ ಮಷಿನ್ನಿನ ಮೇಲೆ ಬಗ್ಗಿ ದಾರ ಪೋಣಿಸುತ್ತ ಕಣ್ಣಂಚಲ್ಲೇ ಕೇಳುತ್ತಿದ್ದಳು: “ಊರ ಮಂದಿ ನೆಲಾನ ಹಿಂಗ ಮಾಡ್ತೀರಿ, ನಿಮ್ಮ ಮನಿ ನೆಲ ಹೆಂಗಿರಬೇಕು ಮೇಸ್ತ್ರಿ! ಕಣ್ಣ ಕುಕ್ಕತಿರಬೇಕು, ಹೌದಿಲ್ಲೊ?”

“ಚಾ ಆರಾಕತ್ತೇತ್ರಿ, ಟೀಚರ್,” ಅಂತ ದಿಲಾವರ ಕಪ್ಪಿನೊಳಗೆ ಮುಖ ಹುದುಗಿಸುತ್ತಿದ್ದ. ಆ ಪ್ರಶ್ನೆಗೆ ಉತ್ತರ ಕೊಡುವ ಧೈರ್ಯ ಅವನಿಗಿರಲಿಲ್ಲ.

ಆ ದಿನಗಳಲ್ಲೇ ಶಾವಿಗಿ ಹೊಸ ಆಟ ಕಲಿತಿತ್ತು. ನಡೆಯುತ್ತ ನಡೆಯುತ್ತ ಹಿಂದಿನ ಎಡಗಾಲು ಮೇಲೆತ್ತುವುದು, ಮೂರೇ ಕಾಲಲ್ಲಿ ನಾಲ್ಕು ಹೆಜ್ಜೆ ಜಿಗಿಯುವುದು, ಕಾಲನ್ನೊಮ್ಮೆ ಝಾಡಿಸಿ ಮತ್ತೆ ಏನೂ ಆಗದವರ ಹಾಗೆ ನಡೆಯುವುದು. “ಶಾವಿಗಿ ಲೇಝಿಮ್ ಆಡಾಕತ್ತೇತಿ!” ಅಂತ ಹುಡುಗಿಯರು ಚಪ್ಪಾಳೆ ತಟ್ಟುತ್ತಿದ್ದರು. ಗುಲನಾಜಳೂ ತಟ್ಟಿದಳು. ದಿಲಾವರ ಸಿಳ್ಳೆ ಹೊಡೆದ. ಅದು ನೋವಿನ ಕುಣಿತ ಅಂತ ಒಬ್ಬರಿಗೂ ಹೊಳೆಯಲಿಲ್ಲ ನೋಡ್ರಿ.

ಒಂದು ಸಂಜೆ ಅವನು ಹೊರಟು ನಿಂತಾಗ ಗುಲನಾಜ ನೆಲ ನೋಡಿ ತುಟಿ ಉಬ್ಬಿಸಿದಳು. “ಮೊದಲಿನ ಹೊಳಪು ಎಲ್ಲಿ ಹೋತ್ರಿ? ನನ್ನ ಮಾರಿ ಮಸಕ ಕಾಣಾಕತ್ತೇತಿ.”

ಚೇಷ್ಟೆಗೆ ಅಂದ ಮಾತು. ಪ್ರೀತಿಸುವವನ ತಲೆಗೆ ಚೇಷ್ಟೆ ಎಲ್ಲಿ ತಿಳಿಯುತ್ತದೆ? ಗುರುವಾರ ಮೇಣದ ಡಬ್ಬಿ ಹಿಡಿದು ಬಂದ. ಮೊಣಕಾಲೂರಿ, ಮೂಲೆಯಿಂದ ಮೂಲೆಗೆ ಎರಡೆರಡು ಸಲ ಮೇಣ ತಿಕ್ಕಿದ. ಅವಳ ಮುಖ ನೆಲದಲ್ಲಿ ಇನ್ನೂ ಚಂದ ಕಾಣಬೇಕು, ಅಷ್ಟೇ ಅವನ ಆಸೆ. ಇನ್ನೊಂದು ಕಾರಣವೂ ಇತ್ತು, ಅದನ್ನು ದಾದಿಗೆ ಮಾತ್ರ ಹೇಳಿದ್ದ: ಇಂಡಿಯಲ್ಲಿ ದೊಡ್ಡ ಮಂಗಲ ಕಾರ್ಯಾಲಯ ಕಟ್ಟಿಸುತ್ತಿದ್ದ ಸಿದ್ದರಾಯ ಸಾಹುಕಾರರು ಮುಂದಿನ ವಾರ ಬಿಟ್ಟು ಆಚೆ ಸೋಮವಾರ ಈ ನೆಲ ನೋಡಲು ಬರುವವರಿದ್ದರು. ಮೆಚ್ಚಿದರೆ ಕಾರ್ಯಾಲಯದ ಇಡೀ ಕೆಲಸ ಅವನದು. ಹನ್ನೆರಡು ವರ್ಷ ಬೇರೆಯವರ ಕೈಕೆಳಗೆ ದುಡಿದವನಿಗೆ ಸ್ವಂತ ಹೆಸರಿನಲ್ಲಿ ಸಿಗುವ ಮೊದಲ ದೊಡ್ಡ ಕೆಲಸ.

ಶನಿವಾರ ಬೆಳಿಗ್ಗೆ ಫೋನ್ ಬಂತು. “ಮೇಸ್ತ್ರಿ…” ಅಂದಳು ಗುಲನಾಜ, ಮುಂದೆ ಅಳು ಬಂತು. ಶಾವಿಗಿ ಓಡಿ ಬರಲು ಹೋಗಿ ಜಾರಿತ್ತು. ಕಿರುಚಿದ್ದು ಓಣಿಗೆಲ್ಲ ಕೇಳಿಸಿತ್ತು. ಹಿಂದಿನ ಎಡಗಾಲು ಮಡಚಿದ್ದು ಬಿಚ್ಚುತ್ತಿರಲಿಲ್ಲ.

ಅವನು ಬೈಕ್ ಹೇಗೆ ಹೊಡೆದನೋ ಅವನಿಗೇ ಗೊತ್ತಿಲ್ಲ. ದನದ ದವಾಖಾನೆಗೆ ಹೋಗಿ ಮುಟ್ಟಿದಾಗ ಡಾಕ್ಟರ್ ರಾಜಶ್ರೀ ಒಂದು ಎಮ್ಮೆಯ ಹೆರಿಗೆ ಮುಗಿಸಿ ಮೊಣಕೈ ತನಕ ಕೈ ತೊಳೆಯುತ್ತಿದ್ದರು. ಅದೇ ಕೈ ಶಾವಿಗಿಯ ಕಾಲು ಹಿಡಿದಾಗ ಹೂವು ಹಿಡಿದ ಹಾಗೆ ಹಿಡಿಯಿತು. ತುಸು ಹೊತ್ತು ಒತ್ತಿ ನೋಡಿದರು, ಕಾಲನ್ನು ಮೆಲ್ಲಗೆ ಎಳೆದು ಹಿಡಿದರು, ಹೆಬ್ಬೆರಳಿಂದ ಒಂದಿಷ್ಟು ಸರಿಸಿದರು. ಒಳಗೆಲ್ಲೋ ಟಕ್ ಅಂದಿತು. ಶಾವಿಗಿ ಕಾಲು ಚಾಚಿ ನಿಟ್ಟುಸಿರು ಬಿಟ್ಟಿತು.

“ಮೊಣಕಾಲ ಚಿಪ್ಪು ಜಾರೇತಿ,” ಅಂದರು ಡಾಕ್ಟರ್. “ಹೊಲಿಗಿ ಮಷಿನ್ನಿನ ಬೆಲ್ಟು ಗಾಲಿಯ ಗೆರಿಯಿಂದ ಹಾರತೈತಲ್ಲ, ಹಂಗ. ಚಿಪ್ಪು ಕೂಡ ಒಂದ ಗೆರಿಯೊಳಗ ಓಡಾಡತೈತಿ. ಇಲ್ಲಿ ಹಿಡದು ನೋಡ್ರಿ, ಮೆಲ್ಲಕ.”

ನಾಯಿಯನ್ನು ಹಿಡಿದುಕೊಂಡಿದ್ದವನು ದಿಲಾವರ. ಅವನ ಹೆಬ್ಬೆರಳು ಕಲ್ಲು ತಿಕ್ಕಿ ತಿಕ್ಕಿ ಗಟ್ಟಿಯಾಗಿತ್ತು, ಆದರೆ ಫರ್ಸಿಯ ಮೇಲೆ ಕೂದಲೆಳೆಯಷ್ಟು ಏರುತಗ್ಗಿದ್ದರೂ ಗುರುತು ಹಿಡಿಯುವ ಬೆರಳು. ಆ ಬೆರಳಿಗೆ ಚರ್ಮದ ಕೆಳಗೆ ತೊಗರಿಬೇಳೆಯಷ್ಟು ದೊಡ್ಡ ಎಲುಬು ಸಿಕ್ಕಿತು. ಅಷ್ಟೇ ಅಷ್ಟು. ಅದು ಒಂದು ಪುಟ್ಟ ತೋಡಿನ ಅಂಚಿನಲ್ಲಿ ಕೂತಿತ್ತು. ಇಷ್ಟು ಸಣ್ಣ ಕಾಲೊಳಗೆ ಇಷ್ಟು ನಯವಾದ ಗೆರೆ ಕೊರೆದ ಮೇಸ್ತ್ರಿ ಎಂಥವನಿರಬೇಕು! ಅವನ ಮೈಮೇಲೆ ಮುಳ್ಳು ಎದ್ದವು.

“ಗೆರಿ ಆಳ ಇಲ್ಲಲ್ರಿ, ಡಾಕ್ಟರ್?”

ರಾಜಶ್ರೀ ಹುಬ್ಬೇರಿಸಿದರು. “ಬರೋಬ್ಬರಿ ಹೇಳಿದ್ರಿ! ಹುಟ್ಟಿನಿಂದನ ಆಳ ಕಡಿಮಿ. ಸಣ್ಣ ಜಾತಿ ನಾಯಿಗೆ ಇದು ಭಾಳ. ನಡಕೋತ ಕಾಲ ಎತ್ತಿ ಕುಣೀತಿತ್ತೇನು?”

ಗುಲನಾಜ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು. “ಚಪ್ಪಾಳಿ ಹೊಡದೇನ್ರಿ ನಾನು,” ಅಂದಳು.

“ಇರ್ಲಿ, ಎಲ್ಲಾರೂ ಹಂಗ ತಿಳೀತಾರ. ಇದು ಎರಡನೇ ಹಂತ. ಇನ್ನೂ ಕೈ ಮೀರಿಲ್ಲ. ತೂಕ ಇಳಿಸ್ರಿ. ಕಾಟಿನ ಮ್ಯಾಲಿಂದ ಜಿಗಿಸಬ್ಯಾಡ್ರಿ, ಪಾವಟಿಗಿ ಹತ್ತಿಸಬ್ಯಾಡ್ರಿ. ಅಂಗಾಲಿನ ಕೂದಲ, ಉಗುರ ಕತ್ತರಿಸ್ರಿ. ದಿನಾ ಎರಡು ಸಲ ಹಗ್ಗ ಹಿಡದು ಸಾವಕಾಶ ಅಡ್ಡಾಡಿಸ್ರಿ, ತೊಡಿ ಗಟ್ಟಿ ಆದಂಗ ಚಿಪ್ಪನ್ನ ಅದ ಹಿಡ್ಕೊಂತೈತಿ. ನಾ ಕೊಟ್ಟ ಗುಳಗಿ ಬಿಟ್ಟು ಮನುಷ್ಯಾರ ನೋವಿನ ಗುಳಗಿ ಹಾಕಬ್ಯಾಡ್ರಿ. ಕಾಲ ನೀವಾಗಿ ಎಳದು ಕೂಡಸಾಕೂ ಹೋಗಬ್ಯಾಡ್ರಿ. ಎರಡು ತಿಂಗಳ ನೋಡೂಣು. ಹಿಂಗ ಜಾರಕೋತ ಹೋದ್ರ ಆಪರೇಷನ್ ಆಗಬೇಕು, ಅದಕ್ಕ ದೂರದ ಊರಿಗೆ ಹೋಗಬೇಕು. ಹಂಗ ಬಿಟ್ರ ಸಂದು ಸವದು ನಡಿಯೂದ ನಿಂತೀತು.” ಒಂದು ಕ್ಷಣ ಬಿಟ್ಟು ಕೇಳಿದರು, “ಮನ್ಯಾಗ ನೆಲ ಎಂಥಾದ್ದೈತಿ?”

ಗುಲನಾಜ ದಿಲಾವರನ ಕಡೆ ನೋಡಿದಳು, ದಿಲಾವರ ತನ್ನ ಅಂಗೈ ಕಡೆ.

ಮನೆಗೆ ಬಂದು ತೂಕದ ಮಾತು ತೆಗೆದಾಗ ಒಂದು ಕಳ್ಳತನ ಬಯಲಾಯಿತು. ಮುಟ್ಟದ ದಾದಿ, ಬೈಯುವ ದಾದಿ, ದಿನಾ ಬೆಳಿಗ್ಗೆ ಹಾಲಿನ ಕೆನೆ ಹಚ್ಚಿದ ಚಪಾತಿಯನ್ನು ಹೊಸ್ತಿಲಿನಿಂದ ಆಚೆ ಒಗೆಯುತ್ತಿದ್ದಳು! “ಪಾಪ, ಅದೂ ಅಲ್ಲಾ ಕೊಟ್ಟ ಜೀವ ಅಲ್ಲೇನು?” ಅಂತ ಪೀರಬಿ ತಲೆ ತಗ್ಗಿಸಿದಳು. ಬೇರೆ ದಿನ ಆಗಿದ್ದರೆ ಗುಲನಾಜ ಬಿದ್ದು ಬಿದ್ದು ನಗುತ್ತಿದ್ದಳು.

ದಿಲಾವರನ ಜೊತೆ ಬಾಗಿಲ ತನಕ ಬಂದಳು. “ಎಲ್ಲಾ ನಿಮ್ಮ ತಪ್ಪ ಅನ್ನೂದಿಲ್ರಿ. ಹೊಳಪಿಲ್ಲ ಅಂದಾಕಿ ನಾನು. ಆದ್ರ ಸದ್ಯ ನೀವು ಬರಬ್ಯಾಡ್ರಿ. ನಿಮ್ಮನ್ನ ನೋಡಿದ್ರ ಆ ಮೇಣದ ಡಬ್ಬಿನ ಕಣ್ಣ ಮುಂದ ಬರತೈತಿ.”

ಅವನ ಎದೆ ಒಡೆಯಿತು. ಹೂಂ ಅಂದು ಬೈಕ್ ಏರಿದ.

ಆರು ದಿನ ಅನ್ನ ರುಚಿಸಲಿಲ್ಲ. ಏಳನೇ ದಿನ ಪೀರಬಿಯೇ ಫೋನ್ ಮಾಡಿದಳು. “ಏ ಮೇಸ್ತ್ರಿ, ನಿನ್ನ ಕನ್ನಡಿ ನಮ್ಮ ಜೀವ ತಿನ್ನಾಕತ್ತೇತಿ. ಮೇಣ ತಗದ್ರೂ ಜಾರತೈತಿ. ಚಾದರ ಹಾಸಿದ್ವಿ, ಚಾದರ ಸಮೇತ ಜಾರ್ತು. ಗೋಣಿಚೀಲ ಹಾಸಿದ್ವಿ, ಅದೂ ಜಾರ್ತು. ರಬ್ಬರಿನ ಚಾಪಿ ತಂದ್ರ ನಮ್ಮ ಬೇಗಂ ಅಂಚು ಕಡದು ನುಂಗಾಕತ್ತಾಳ. ಗುಲನಾಜ ದಿನಾ ಅದನ್ನ ಹೊತಗೊಂಡ ಹೊಲಿಗಿ ಹಾಕಾಕತ್ತಾಳ. ಹೊತಗೊಂಡ್ರ ತೊಡಿ ಹೆಂಗ ಗಟ್ಟಿ ಆಗಬೇಕು, ನೀನ ಹೇಳು?”

“ನಾಳಿಗೆ ಬರ್ತೇನಿ, ದಾದಿ.”

ಭಾನುವಾರ ಗುಲನಾಜ ಮದುವೆಯ ಬ್ಲೌಸುಗಳನ್ನು ಕೊಡಲು ಇಂಡಿಗೆ ಹೋಗಿದ್ದಳು. ದಿಲಾವರನ ಕೈಯಲ್ಲಿ ಪಾಲಿಶ್ ಮಷಿನ್ ಇರಲಿಲ್ಲ. ಸುತ್ತಿಗೆ ಇತ್ತು, ಕಲ್ಲು ಹೊಡೆಯುವ ಚಾಣ ಇತ್ತು. ಪೀರಬಿ ಚಾಣ ನೋಡಿದಳು, ಅವನ ಮುಖ ನೋಡಿದಳು.

“ನಾಳಿ ನಿನ್ನ ಸಾಹುಕಾರ ಬರ್ತಾನಲ್ಲೋ?”

“ಬರ್ಲಿ ಬಿಡ್ರಿ. ನಿಮ್ಮ ಮನಿ ನೆಲ ಕೆಡಸಾಕ ನಿಮ್ಮ ಒಪ್ಪಿಗಿ ಬೇಕು.”

ಪೀರಬಿ ಎದ್ದು, ಹೊಲಿಗೆ ಮಷಿನ್ನುಗಳ ಮೇಲೆ ಧೂಳು ಬೀಳದ ಹಾಗೆ ಹಳೇ ಸೀರೆ ಮುಚ್ಚಿದಳು. ಶಾವಿಗಿಯ ಹಗ್ಗ ಹಿಡಿದು ಕಟ್ಟೆಯ ಮೇಲೆ ಹೋಗಿ ಕೂತಳು. ಹಗ್ಗದ ಈ ತುದಿಗೆ ಅವಳು, ಆ ತುದಿಗೆ ಅದು.

ಹನ್ನೆರಡು ವರ್ಷದಲ್ಲಿ ಇಂಥ ನೆಲ ಇನ್ನೊಂದು ಮಾಡಿರಲಿಲ್ಲ. ಅವಳ ಮುಖ ಮೂಡಿದ ಕಲ್ಲಿನ ಮೇಲೆ ಚಾಣ ಇಟ್ಟಾಗ ಕಣ್ಣು ತುಂಬಿ ಬಂತು. ಒರೆಸಿಕೊಂಡು ಹೊಡೆದ. ಆಮೇಲೆ ಕೈ ನಿಲ್ಲಲಿಲ್ಲ. ಒಂದೊಂದೇ ಸಣ್ಣ ಪೆಟ್ಟು, ಜೀರಿಗೆ ಚೆಲ್ಲಿದಷ್ಟು ಸಣ್ಣ ಗುರುತು, ಉಗುರು ಕಚ್ಚಿಕೊಳ್ಳುವಷ್ಟು ಒರಟು, ಅಂಗಾಲಿಗೆ ಚುಚ್ಚದಷ್ಟು ನಯ. ಹೊಡೆದ ಮೇಲೆ ಅಂಗೈ ಸವರಿ ನೋಡಿ ಚೂಪು ಇದ್ದಲ್ಲಿ ತಿಕ್ಕಿದ. ಒಂದು ಮೊಳ ಅಗಲದ ಹಾದಿ ಪಡಸಾಲೆಯ ನಡುವೆ ಹರಿದು ಹೋಯಿತು.

ಗುಲನಾಜ ಬಂದಾಗ ಇಳಿಹೊತ್ತು, ಅಸರ್ ನಮಾಜಿನ ವೇಳೆ. ಬಾಗಿಲಲ್ಲೇ ನಿಂತುಬಿಟ್ಟಳು. ದಿಲಾವರನ ಕೂದಲು, ಹುಬ್ಬು ಎಲ್ಲ ಕಲ್ಲಿನ ಹಿಟ್ಟು. ನೆಲದಲ್ಲಿ ಬೂದು ಬಣ್ಣದ ಒಂದು ಹಾದಿ.

“ಏನ ಮಾಡಿದ್ರಿ ಇದು?”

“ಶಾವಿಗಿನ ಬಿಡ್ರಿ ದಾದಿ, ನಡೀಲಿ,” ಅಂದ ದಿಲಾವರ.

ಪೀರಬಿ ಹಗ್ಗ ಬಿಟ್ಟಳು. ಶಾವಿಗಿ ಒಳಗೆ ಬಂದು, ಅಭ್ಯಾಸದಂತೆ ಹೆದರಿ, ಒಂದು ಕಾಲಿಟ್ಟು ನೋಡಿತು. ಜಾರಲಿಲ್ಲ. ಇನ್ನೊಂದು ಇಟ್ಟಿತು. ಉಗುರು ಕಲ್ಲಿಗೆ ತಾಗುವ ಟಿಕ್ ಟಿಕ್ ಸದ್ದು. ನಾಲ್ಕೂ ಕಾಲೂರಿ, ಬಾಲ ಎತ್ತಿ, ಹಾದಿ ಬಿಟ್ಟು ಒಂದಿಂಚೂ ಆಚೀಚೆ ಹೋಗದೆ ಮಷಿನ್ನಿನ ತನಕ ಹೋಯಿತು. ಅಲ್ಲಿಂದ ಕಟಿಂಗ್ ಟೇಬಲ್ಲಿಗೆ, ಅಲ್ಲಿಂದ ಕಿಟಕಿಗೆ, ಕಿಟಕಿಯಿಂದ ನೀರಿನ ಕೊಡಕ್ಕೆ, ಕೊನೆಗೆ ದಾದಿಯ ಹೊಸ್ತಿಲಿಗೆ. ಅಲ್ಲಿ ಮೂಗು ಹಚ್ಚಿ ಕೂತಿತು.

ಒಂದು ಸಣ್ಣ ನಾಯಿ ನಡೆಯುವುದನ್ನು ಮೂವರು ಮನುಷ್ಯರು ಹೀಗೆ ನೋಡಿದ್ದುಂಟೇ!

ಗುಲನಾಜ ಆ ಹಾದಿಯನ್ನೇ ನೋಡುತ್ತಿದ್ದಳು. “ಶಾವಿಗಿ ಎಲ್ಲೆಲ್ಲಿ ಅಡ್ಡಾಡತೈತಿ ಅಂತ ನಿಮಗ ಹೆಂಗ ಗೊತ್ತು?”

“ಅದು ನಿಮ್ಮ ಹಿಂದಿಂದನ ಅಡ್ಡಾಡತೈತಿ, ಟೀಚರ್.” ದಿಲಾವರ ಸುತ್ತಿಗೆ ಕೆಳಗಿಟ್ಟ. “ನೀವು ಮಷಿನ್ ಬಿಟ್ಟು ಎದ್ರ ಟೇಬಲ್ಲಿಗೆ ಹೋಗ್ತೀರಿ. ದಾರದ ಬಣ್ಣ ನೋಡಾಕ ಕಿಟಕಿಗೆ ಹೋಗ್ತೀರಿ. ಆಮ್ಯಾಲ ನೀರ ಕುಡೀತೀರಿ. ಚಾ ಕುಡಿಯೂ ನೆವಕ್ಕ ಕುಂತು ನಾ ನೋಡಿದ್ದು ಇಷ್ಟ. ನಿಮ್ಮ ಹಾದಿ ನನಗ ಬಾಯಿಪಾಠ ಆಗೇತ್ರಿ.”

ಗುಲನಾಜ ಕೆಂಪಾದಳು. ಒಳಗೆ ಹೋಗಿ ಒಂದು ಚೊಂಬು ನೀರು ತಂದು ಅವನ ಮುಂದಿಟ್ಟಳು.

ಸೋಮವಾರ ಸಿದ್ದರಾಯ ಸಾಹುಕಾರರ ಕಾರು ಬಂತು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕನ್ನಡಕ ಹಾಕಿಕೊಂಡು ನೋಡಿದರು. “ಏನೋ ತಮ್ಮಾ ಇದು? ಕನ್ನಡಿ ಅಂತ ಹೇಳಿದ್ದಿ. ಕನ್ನಡಿಗೆ ಚಾಣದ ಟಾಕಿ ಹೊಡದಂವ ಯಾವ ಹುಚ್ಚ?”

“ನಾನ್ರಿ, ಸಾಹುಕಾರ್ರ. ಈ ಮನಿ ನಾಯಿ ಕಾಲ ಜಾರತಿತ್ತು.”

“ನಾಯಿ ಸಂಬಂಧ?” ಅವರು ಅವನನ್ನು ಮೇಲಿನಿಂದ ಕೆಳಗೆ ನೋಡಿದರು. “ನೂರಾರು ಮದುವಿ ಆಗೂ ಕಾರ್ಯಾಲಯದ ಕೆಲಸ ನಿನಗ ಕೊಡೂದಂತ ಬಂದೆ ನಾನು. ನಿನಗ ನಾಯಿನ ಹೆಚ್ಚಾದ್ರ ಆತು ಬಿಡು.” ಕಾರು ತಿರುಗಿ ಹೋಯಿತು.

ಗುಲನಾಜ ಕತ್ತರಿ ಹಿಡಿದವಳು ಹಾಗೇ ನಿಂತಿದ್ದಳು. ಅವಳಿಗೆ ಇದು ಗೊತ್ತಿರಲಿಲ್ಲ. “ಇವರು ಬರೂದು ಗೊತ್ತಿದ್ದೂ ನಿನ್ನೆ ಚಾಣ ಹಿಡದ್ರೇನು? ಒಂದ ದಿನ ತಡದಿದ್ರ ಏನಾಗತಿತ್ತು?”

“ಒಂದ ದಿನದಾಗ ಇನ್ನೊಮ್ಮೆ ಜಾರಿದ್ರ?” ಅಂದ ದಿಲಾವರ. ಅವನಿಗೆ ಅದು ದೊಡ್ಡ ಮಾತು ಅನಿಸಿರಲೇ ಇಲ್ಲ.

ಅವಳು ಅವನನ್ನು ನೋಡಿದ ರೀತಿ ಏನ್ ಹೇಳಲಿ! ಆ ದವಾಖಾನೆಯಲ್ಲಿ ತೊಗರಿಬೇಳೆಯಷ್ಟು ಎಲುಬು ಬೆರಳಿಗೆ ಸಿಕ್ಕಾಗ ಅವನ ಮುಖದಲ್ಲಿ ಎಂಥ ಬೆರಗಿತ್ತೋ, ಅದೇ ಬೆರಗು ಈಗ ಅವಳ ಮುಖದಲ್ಲಿತ್ತು.

ಮುಂದಿನ ಎರಡು ತಿಂಗಳು ದಿನಾ ಫೋನು. “ಕಾಲ ಹೆಂಗೈತ್ರಿ?” ಅಂತ ಅವನು. “ಇವತ್ತ ಒಂದ ಸಲ ಎತ್ತಿತ್ತು.” “ಇವತ್ತ ಎತ್ತಲೇ ಇಲ್ರಿ!” ಅಂತ ಅವಳು. ಉಗುರು ಕತ್ತರಿಸಿದ್ದು, ಹೊಲದ ದಾರಿಯಲ್ಲಿ ಸಾವಕಾಶ ಅಡ್ಡಾಡಿಸಿದ್ದು, ದಾದಿ ಕೆನೆ ಬಿಟ್ಟು ಗಜ್ಜರಿ ತುಂಡು ಒಗೆಯಲು ಕಲಿತದ್ದು, ಎಲ್ಲ ವರದಿ ಆಗುತ್ತಿತ್ತು. ಕಾಲಿನ ಮಾತು ಎರಡು ನಿಮಿಷಕ್ಕೆ ಮುಗಿಯುತ್ತಿತ್ತು, ಫೋನು ಮಾತ್ರ ಮುಗಿಯುತ್ತಿರಲಿಲ್ಲ.

ಗಡುವು ಮುಗಿದ ದಿನ ರಾಜಶ್ರೀ ಡಾಕ್ಟರು ಶಾವಿಗಿಯನ್ನು ತೂಗಿದರು, ನಡೆಸಿದರು, ಮೊಣಕಾಲು ಹಿಡಿದು ನೋಡಿದರು. “ತೊಡಿ ಗಟ್ಟಿ ಆಗೇತಿ. ಚಿಪ್ಪು ತನ್ನ ಜಾಗಾದಾಗ ಕುಂತೈತಿ. ಸದ್ಯ ಆಪರೇಷನ್ ಬ್ಯಾಡ. ಆದ್ರ ಗೆರಿ ಆಳ ಆಗಿಲ್ಲ, ನೆನಪಿರ್ಲಿ. ಇದು ಇರೂ ತನಕ ಹಿಂಗ ಜ್ವಾಕಿ ಮಾಡಬೇಕು.”

“ಇರೂ ತನಕ ಮಾಡ್ತೀವ್ರಿ,” ಅಂದ ದಿಲಾವರ. ಅಂದಮೇಲೆ ತಾನೇನು ಅಂದೆ ಅಂತ ಹೊಳೆದು ಕಿವಿ ಬಿಸಿಯಾದವು. ಗುಲನಾಜ ನಾಯಿಯ ತಲೆ ಸವರುತ್ತ ನಗು ಮುಚ್ಚಿಕೊಂಡಳು.

ಮನೆಗೆ ಬಂದು ಶಾವಿಗಿಯನ್ನು ಕೆಳಗೆ ಬಿಟ್ಟರು. ಅದು ತನ್ನ ಹಾದಿ ಹಿಡಿದು ಟಿಕ್ ಟಿಕ್ ಅಂತ ಹೋಯಿತು. ಗುಲನಾಜ ಅವನ ಕಡೆ ತಿರುಗಿದಳು.

“ಒಂದ ಮಾತ ಎಷ್ಟೋ ಸಲ ಕೇಳೇನಿ, ನೀವು ಹೇಳೇ ಇಲ್ಲ. ನಿಮ್ಮ ಮನಿ ನೆಲ ಹೆಂಗೈತಿ?”

ಈ ಸಲ ಮುಖ ಮುಚ್ಚಿಕೊಳ್ಳಲು ಚಹದ ಕಪ್ಪೂ ಇರಲಿಲ್ಲ. “ಮಣ್ಣಿನ ನೆಲ ಐತ್ರಿ,” ಅಂದ ದಿಲಾವರ ತಲೆ ತಗ್ಗಿಸಿ. “ಊರ ಮಂದಿ ನೆಲ ಮಾಡೂದ್ರಾಗ ನಂದು ಉಳದ ಹೋತು. ನಮ್ಮವ್ವ ರಾಜಬಿ ಕೆಮ್ಮಣ್ಣು ಸಾರಸ್ತಾಳ. ಅದರಾಗ ಯಾರ ಮಾರಿನೂ ಕಾಣೂದಿಲ್ಲ. ನಿಮಗ ಹೇಳಾಕ ನಾಚಿಕಿ ಬಂತು.”

ಗುಲನಾಜ ಹೊಸ್ತಿಲ ಹತ್ತಿರ ಕೂತಿದ್ದ ಶಾವಿಗಿಯನ್ನು ನೋಡಿದಳು.

“ಮಣ್ಣಿನ ನೆಲದ ಮ್ಯಾಲ ಶಾವಿಗಿ ಜಾರೂದಿಲ್ಲ, ಹೌದಿಲ್ಲೊ?”

“ಇಲ್ರಿ. ಜಾರೂದಿಲ್ಲ.” ಹೇಳಿದ ಮೇಲೆ ಅವನಿಗೆ ಅರ್ಥ ಆಯಿತು.

“ಹಂಗಾದ್ರ ಅದಕ್ಕ ಫರ್ಸಿ ಹಾಕಬ್ಯಾಡ, ದಿಲಾವರ. ನಾನೂ ಶಾವಿಗಿನೂ ಬರೂ ತನಕ ಹಂಗ ಇರ್ಲಿ.”

ಮೇಸ್ತ್ರಿ ಅನ್ನಲಿಲ್ಲ, ಹೆಸರು ಹಿಡಿದು ಕರೆದಳು. ದಿಲಾವರ ಈ ಸಲ ನೆಲ ನೋಡಲಿಲ್ಲ. ಅವಳನ್ನೇ ನೋಡಿದ, ಕಣ್ತುಂಬ.

“ಅಲ್ಲೇ ನಿಂತು ಎಲ್ಲಾ ಮುಗಿಸಿದ್ರ ನಾ ಯಾಕ ಅದೇನಿ ಇಲ್ಲಿ?” ಒಳಗಿನಿಂದ ಪೀರಬಿಯ ದನಿ ಬಂತು. “ಆ ಬೇಗಂ ಅಲ್ಲೇ ಕುಂದರ್ಲಿ. ನೀವಿಬ್ರೂ ಕಾಲ ತೊಳಕೊಂಡು ಹೊಸ್ತಿಲ ದಾಟಿ ಒಳಗ ಬರ್ರಿ. ನಿಕಾಹದ ತಾರೀಖ ನೋಡೂಣು.”

ಇಬ್ಬರೂ ಕಾಲು ತೊಳೆದು ಒಳಗೆ ಹೋದರು. ಶಾವಿಗಿ ಹೊಸ್ತಿಲಿಗೆ ಮೂಗು ಹಚ್ಚಿ, ಬಾಲ ಆಡಿಸುತ್ತ ಕಾದು ಕೂತಿತು.